ಟ್ರಾಮ್‌ಗಳು ಯಾಕೆ ಮಾಯವಾದವು? ಕಾರು ಕಂಪನಿಗಳ ಪಿತೂರಿ ಅಂತಾರಲ್ಲ, ನಿಜವೇ?

ಪಿತೂರಿಯ ಕಥೆ ಅಮೆರಿಕದ್ದು. ಕಾರು ಕಂಪನಿ ಜನರಲ್ ಮೋಟರ್ಸ್, ಟೈರು ಕಂಪನಿ ಫೈರ್‌ಸ್ಟೋನ್ ಮುಂತಾದವರ ದುಡ್ಡು ಬೆನ್ನಿಗಿದ್ದ ನ್ಯಾಷನಲ್ ಸಿಟಿ ಲೈನ್ಸ್ ಎಂಬ ಕಂಪನಿ ಅಲ್ಲಿ ಊರೂರಿನ ಟ್ರಾಮ್ ಸಂಸ್ಥೆಗಳನ್ನು ಕೊಂಡು ಬಸ್ ಬಿಟ್ಟದ್ದು ನಿಜ. 1949ರಲ್ಲಿ ಅವರ ಮೇಲಿನ ಒಂದು ಆರೋಪ ಸಾಬೀತೂ ಆಯಿತು. ಆದರೆ ಅದು ಟ್ರಾಮ್ ಕೊಂದ ಆರೋಪವಲ್ಲ. ಆ ಸಂಸ್ಥೆಗಳಿಗೆ ಬಸ್ಸು, ಟೈರು, ಎಣ್ಣೆಯೆಲ್ಲ ತಾವೇ ಮಾರಬೇಕೆಂದು ಒಳಗೊಳಗೇ ಮಾತಾಡಿಕೊಂಡದ್ದು. ಜನರಲ್ ಮೋಟರ್ಸ್‌ಗೆ ಬಿದ್ದ ದಂಡ 5,000 ಡಾಲರ್. ಅವರಿಗೆ ಅದು ಚಹಾ ಖರ್ಚು.

ನಮ್ಮ ದೇಶಕ್ಕೆ ಈ ಕಥೆ ಹೊಂದುವುದಿಲ್ಲ. ಮುಂಬೈಯನ್ನೇ ನೋಡಿ. 1874ರ ಮೇ 9ರಂದು ಕೊಲಾಬಾದಿಂದ ಪಾಯಧುನಿಗೆ ಕುದುರೆ ಟ್ರಾಮ್ ಹೊರಟಿತು, ಟಿಕೆಟ್ ದರ ಮೂರಾಣೆ. ಕಂಪನಿಯ ಲಾಯದಲ್ಲಿ 900 ಕುದುರೆ! 1907ರಲ್ಲಿ ಕರೆಂಟಿನ ಟ್ರಾಮ್ ಬಂತು, 1920ರಲ್ಲಿ ಡಬಲ್ ಡೆಕ್ಕರ್ ಟ್ರಾಮ್. 1926ರಲ್ಲಿ ಬಸ್ ಇಳಿಸಿದ್ದು ಯಾರು? ಅದೇ ಟ್ರಾಮ್ ಕಂಪನಿ, ಈಗ ಮುಂಬೈಯ ಸಿಟಿ ಬಸ್ ಓಡಿಸುವ 'ಬೆಸ್ಟ್' ಅನ್ನುವುದು ಅದನ್ನೇ. 1947ರಲ್ಲಿ ಅದು ಪಾಲಿಕೆಯ ಕೈಗೆ ಬಂತು. ಟ್ರಾಮನ್ನೂ ಬಸ್ಸನ್ನೂ ಒಂದೇ ಮನೆಯವರು ಓಡಿಸುತ್ತಿದ್ದಾಗ ಯಾರ ವಿರುದ್ಧ ಯಾರ ಪಿತೂರಿ?

ಮಾಟುಂಗದ ಉಡುಪಿ ಹೋಟೆಲಿನಲ್ಲಿ ದುಡಿದು ಬಂದಿದ್ದ ನಮ್ಮ ದೊಡ್ಡಪ್ಪನ ಬಾಯಲ್ಲಿ ಯಾವಾಗಲೂ 'ದಾದರ್ ಟೀಟಿ'. ರೈಲಿನಲ್ಲಿ ಟಿಕೆಟ್ ಕೇಳುವ ಟಿ.ಟಿ. ಇರಬೇಕು, ದೊಡ್ಡಪ್ಪ ಎಲ್ಲೋ ಸಿಕ್ಕಿಬಿದ್ದಿರಬೇಕು ಅಂತ ಚಿಕ್ಕವನಿದ್ದಾಗ ನನ್ನ ಲೆಕ್ಕಾಚಾರ. ಅದು ಟ್ರಾಮ್ ಟರ್ಮಿನಸ್ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಟ್ರಾಮ್ ಯಾಕೆ ಸೋತಿತೆಂದು ನನಗೆ ಅರ್ಥವಾದದ್ದು ಕೋಲ್ಕತ್ತದಲ್ಲಿ, ಗರಿಯಾಹಾಟ್ ಕಡೆಯ ಟ್ರಾಮ್ ಹತ್ತಿದ ದಿನ. ಮರದ ಸೀಟು, ನಡೆದಷ್ಟೇ ನಿಧಾನ. ಒಂದು ಕಡೆ ಯಾರೋ ಟೆಂಪೋದವರು ಹಳಿಯ ಮೇಲೇ ಗಾಡಿ ನಿಲ್ಲಿಸಿ ಮೂಟೆ ಇಳಿಸುತ್ತಿದ್ದರು. ನಮ್ಮ ಡ್ರೈವರ್ ಕಾಲಡಿಯ ಗಂಟೆಯನ್ನು ಟಣ್ ಟಣ್ ಎಂದು ತುಳಿದರು, ತುಳಿದರು, ಕೊನೆಗೆ ಕೈಕಟ್ಟಿ ಕೂತರು. ಹಿಂದೆ ಬಂದ ಬಸ್ಸು, ಆಟೋ, ಸೈಕಲ್ಲು ಎಲ್ಲ ಪಕ್ಕದಲ್ಲಿ ನುಸುಳಿ ಹೋದವು. ನಾವು ಮಾತ್ರ ಕೊನೆಯ ಮೂಟೆ ಇಳಿಯುವವರೆಗೆ ಅಲ್ಲೇ. ಇಳಿಯಲು ಹೋದರೆ ಸ್ಟಾಪು ನಡುರಸ್ತೆಯಲ್ಲಿ!

ಟ್ರಾಮ್ ತಾನಾಗಿ ನಿಧಾನವಲ್ಲ. ಅದರ ಹಳಿಯ ಮೇಲೆ ಎಲ್ಲರನ್ನೂ ಬಿಟ್ಟೆವು, ಆಮೇಲೆ ಅದೇ ಅಡ್ಡ ಅಂದೆವು. ಇನ್ನೊಂದು ಪೆಟ್ಟು ದುಡ್ಡಿನದು. ಹಳಿ ಸವೆದರೆ ರಸ್ತೆ ಅಗೆದು ಹೊಸದು ಹಾಕಬೇಕು, ತಂತಿ ಬದಲಿಸಬೇಕು. ಬಸ್ಸಿಗೆ ಇದಾವುದೂ ಇಲ್ಲ. ದರ ಏರಿಸೋಣವೆಂದರೆ ಅದೂ ಸುಲಭವಲ್ಲ: 1953ರಲ್ಲಿ ಕೋಲ್ಕತ್ತದ ಎರಡನೇ ದರ್ಜೆಯ ಟಿಕೆಟ್‌ಗೆ ಒಂದು ಪೈಸೆ ಹೆಚ್ಚಿಸಿದ್ದಕ್ಕೆ ಊರೇ ಬೀದಿಗಿಳಿದು ಟ್ರಾಮ್‌ಗಳಿಗೆ ಬೆಂಕಿ ಬಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ, 1895ರಿಂದ ಕರೆಂಟಿನ ಟ್ರಾಮ್ ಓಡಿಸಿದ್ದ ಮದ್ರಾಸು ಕೈಚೆಲ್ಲಿತು. ಅಲ್ಲಿನ ಕಂಪನಿ ನಷ್ಟದಲ್ಲಿ ಮುಳುಗಿತ್ತು. ಕೋಲ್ಕತ್ತದಲ್ಲೂ, ಊರ ನಡುವಿನ 'ಮೈದಾನ್' ಎಂಬ ಬಯಲಿನ ಒಂದು ತುಂಡು ಮಾರ್ಗ ಬಿಟ್ಟು ಉಳಿದದ್ದೆಲ್ಲ ನಿಲ್ಲಿಸುತ್ತೇವೆಂದು ಸರ್ಕಾರ 2024ರಲ್ಲಿ ಹೇಳಿತು.

ಬೆಂಗಳೂರಿನಲ್ಲಿ ಇತ್ತೇ ಎಂದೂ ಕೇಳಿದ್ದೀರಿ. ಇಲ್ಲ, ನಮ್ಮಲ್ಲಿ ಟ್ರಾಮ್ ಓಡಲೇ ಇಲ್ಲ.

ಮುಂಬೈಯ ಕೊನೆಯ ಟ್ರಾಮ್ 1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರಿನಿಂದ (ಈಗಿನ ಸಿಎಸ್‌ಎಂಟಿ ರೈಲು ನಿಲ್ದಾಣದ ಜಾಗ) ದಾದರಿಗೆ, ದೊಡ್ಡಪ್ಪನ ಆ ಟೀಟಿಗೇ ಹೋಯಿತು. ಹಳಿಗಳನ್ನು ಎಲ್ಲ ಕಡೆ ಕಿತ್ತಿರಲಿಲ್ಲ, ಮೇಲೆ ಡಾಂಬರು ಬಳಿದು ಸುಮ್ಮನಾಗಿದ್ದರು. ಕೆಲವು ವರ್ಷಗಳ ಹಿಂದೆ ಅಲ್ಲಿನ ಹಳೆಯ ಕಾರಂಜಿ ಫ್ಲೋರಾ ಫೌಂಟನ್ ದುರಸ್ತಿಗೆಂದು ನೆಲ ಅಗೆದಾಗ ಅವು ಇದ್ದ ಹಾಗೇ ಸಿಕ್ಕವು.