ದುಡ್ಡು ಬಿತ್ತಾ?

ಸಂಪಾದಕರ ಉತ್ತರ

ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಹಿಂದೆ ಕಳೆ ತೆಗೆಯೋಕೆ ಹೇಳಿಕಳಿಸಿದರೆ ಬೆಳಿಗ್ಗೆ ಹೊತ್ತಿಗೆ ಹತ್ತು ಹೆಣ್ಣಾಳು ಬದುವಿನ ಮೇಲೆ ನಿಂತಿರುತ್ತಿದ್ದರು, ಈಗ ಮನೆಮನೆಗೆ ಹೋಗಿ ಕರೆದರೂ ಮೂವರು ಬಂದರೆ ಹೆಚ್ಚು. ಎಲ್ಲ ಸರ್ಕಾರ ಮನೆಯ ಯಜಮಾನಿಗೆ ತಿಂಗಳು ತಿಂಗಳು ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯ ಮಹಿಮೆ. ಬಿಟ್ಟಿ ಹಣ, ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು ಸೇರಿ ಹಳ್ಳಿಯನ್ನು ಸೋಮಾರಿ ಮಾಡಿವೆ. ನಿಮ್ಮ ಪತ್ರಿಕೆ ಇದನ್ನು ಬರೆಯುವುದಿಲ್ಲ. ಹೀಗೇ ಆದರೆ ಚಂದಾ ನಿಲ್ಲಿಸುತ್ತೇನೆ.

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಅರ್ಧ ನಿಜ ಇದೆ. ಸರ್ಕಾರದ ಹಣ ಇಲ್ಲದೆ ತಿಂಗಳು ಸಾಗದ ಮನೆಗಳು ನಮ್ಮ ಹಳ್ಳಿಗಳಲ್ಲಿ ಹೆಚ್ಚುತ್ತಿವೆ ಅನ್ನುವುದು ನಿಜ. ಸೋಮಾರಿತನದ ಮಾತಿಗೆ ಮಾತ್ರ ನನ್ನ ತಕರಾರು.

ಅಂಕಿ ಅಂಶಕ್ಕೆ ಹೋಗುವ ಮೊದಲು ಒಂದು ಮನೆಯ ಲೆಕ್ಕ ನೋಡಿ. ಶಿರಾ ತಾಲ್ಲೂಕಿನಲ್ಲಿ ನನ್ನ ದೊಡ್ಡಮ್ಮ ಇದ್ದಾರೆ, ವಯಸ್ಸು ಅರವತ್ತೇಳು ದಾಟಿದೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಜೊತೆಗಿದ್ದಾರೆ. ಒಂದೂವರೆ ಎಕರೆ ಖುಷ್ಕಿ. ಮೊನ್ನೆ ಹೋದಾಗ ಊಟ ಮುಗಿಸಿ ಜಗಲಿ ಮೇಲೆ ಕೂತು, ಮೊಮ್ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೂವರೂ ಸೇರಿ ಲೆಕ್ಕ ಬರೆದೆವು. ದೊಡ್ಡಮ್ಮನಿಗೆ ವಯಸ್ಸಾದವರ ಪಿಂಚಣಿ ಸಂಧ್ಯಾ ಸುರಕ್ಷಾ 1,200. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ ಆದ್ದರಿಂದ ಗೃಹಲಕ್ಷ್ಮಿ 2,000 ಕೂಡ ಅವರಿಗೇ. ಮಗನ ಹೆಸರಿಗೆ ಕಿಸಾನ್ ಸಮ್ಮಾನ್ ವರ್ಷಕ್ಕೆ 6,000, ಅಂದರೆ ತಿಂಗಳಿಗೆ 500. ಒಟ್ಟು 3,700. ವರ್ಷಕ್ಕೆ 44,400. ಇದರ ಮೇಲೆ ಸೊಸೈಟಿಯ ಅಕ್ಕಿ. 2025ರ ಫೆಬ್ರುವರಿಯಲ್ಲಿ ತಲೆಗೆ 10 ಕಿಲೋ ಆಯಿತು, ಐದು ಜನಕ್ಕೆ ಐವತ್ತು. ಕರೆಂಟ್ ಬಿಲ್ ಸೊನ್ನೆ.

ಇನ್ನು ಹೊಲ. ಎಂಟು ಕ್ವಿಂಟಲ್ ರಾಗಿ ಆಗಿತ್ತು. ಮೂರು ಮನೆಗಿಟ್ಟು ಐದು ಮಾರಿದರು. 2024–25ರ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ, ಹಾಗಾಗಿ ಬಂದದ್ದು 21,450. ಟ್ರ್ಯಾಕ್ಟರು, ಗೊಬ್ಬರ, ಕಟಾವು ಮಿಷನ್ನು ಎಲ್ಲ ಕಳೆದರೆ ಕೈಗೆ ಉಳಿದದ್ದು ಹತ್ತು ಸಾವಿರದ ಆಸುಪಾಸು. ಮಗ ತುಮಕೂರಿನಲ್ಲಿ ಟೈಲ್ಸ್ ಕೆಲಸಕ್ಕೆ ಹೋಗಿ ತಿಂಗಳಿಗೆ ಎಂಟು ಸಾವಿರದಷ್ಟು ಮನೆಗೆ ತರುತ್ತಾನೆ. ಕೂಲಿ ಮೊದಲು, ಸರ್ಕಾರದ ದುಡ್ಡು ಎರಡನೆಯದು, ಹೊಲ ಮೂರನೆಯದು. ಊರಿನಲ್ಲಿ ಆ ಮನೆಗೆ ಈಗಲೂ ಬೇಸಾಯದ ಮನೆ ಅನ್ನುತ್ತಾರೆ.

ದೊಡ್ಡಮ್ಮನ ಮನೆಯೊಂದರ ಕತೆ ಇದು ಅಂದುಕೊಳ್ಳಬೇಡಿ. ಕೇಂದ್ರದ ಮಾದರಿ ಸಮೀಕ್ಷೆಯವರು ದೇಶದ ಬೇಸಾಯದ ಮನೆಗಳ ಆದಾಯ ಲೆಕ್ಕ ಹಾಕಿದ್ದಾರೆ. 2012–13ರಲ್ಲಿ ತಿಂಗಳ ಸರಾಸರಿ ಆದಾಯ 6,426 ರೂಪಾಯಿ ಇತ್ತು, ಅದರಲ್ಲಿ ಬೆಳೆಯಿಂದ ಬಂದದ್ದು 3,081, ಕೂಲಿ–ಸಂಬಳದಿಂದ 2,071. 2018–19ಕ್ಕೆ ಆದಾಯ 10,218 ಆಯಿತು. ಆದರೆ ಬೆಳೆಯ ಪಾಲು 3,798ಕ್ಕೆ ನಿಂತು, ಕೂಲಿ–ಸಂಬಳ 4,063ಕ್ಕೆ ಏರಿ ಬೆಳೆಯನ್ನು ಹಿಂದಿಕ್ಕಿತು. ಆರೇ ವರ್ಷದಲ್ಲಿ. ಆಗ ಗೃಹಲಕ್ಷ್ಮಿ ಎಲ್ಲಿತ್ತು? ಅದು ಶುರುವಾದದ್ದು 2023ರ ಆಗಸ್ಟ್ 30ಕ್ಕೆ, ಮೈಸೂರಿನಲ್ಲಿ. ಹೊಲ ಕೈಬಿಟ್ಟ ಮೇಲೆ ದುಡ್ಡು ಬಂತು. ನೀವು ಇದನ್ನು ತಿರುವುಮುರುವಾಗಿ ಓದಿದ್ದೀರಿ.

ಆಳಿನ ವಿಷಯಕ್ಕೆ ಬರುತ್ತೇನೆ. ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ 2025–26ಕ್ಕೆ ದಿನಕ್ಕೆ 370 ಇತ್ತು. ಈ ದರದಲ್ಲಿ ಎರಡು ಸಾವಿರ ಅಂದರೆ ಐದೂವರೆ ದಿನದ ಕೂಲಿ. ಐದೂವರೆ ದಿನದ ಕೂಲಿ ಸಿಕ್ಕಿತೆಂದು ಮೂವತ್ತು ದಿನ ಯಾರೂ ಕಾಲು ಚಾಚಿ ಮಲಗುವುದಿಲ್ಲ ಮೇಷ್ಟ್ರೇ. ಆದರೆ ಅದು ಇನ್ನೊಂದು ಕೆಲಸ ಮಾಡುತ್ತದೆ. ನಾಳೆ ಬೆಳಿಗ್ಗೆಯ ಹಿಟ್ಟಿಗೆ ಇವತ್ತೇ ನಿಮ್ಮ ತೋಟಕ್ಕೆ ಬರಲೇಬೇಕು ಅನ್ನುವ ದರ್ದು ಇರುವುದಿಲ್ಲ. ನೀವು ಮುನ್ನೂರು ಎಂದರೆ ಅವಳು ನಾನೂರು ಎನ್ನುತ್ತಾಳೆ, ಇಲ್ಲವೇ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನಿಮ್ಮ ತೋಟಕ್ಕೆ ಇದರಿಂದ ನಷ್ಟ ಆಗಿರಬಹುದು, ಒಪ್ಪುತ್ತೇನೆ. ಅದನ್ನು ಕೂಲಿ ಏರಿದ ಕಷ್ಟ ಎಂದು ಬರೆಯಿರಿ, ನಿಮ್ಮ ಪರವಾಗಿ ಒಂದು ಲೇಖನವನ್ನೇ ಹಾಕುತ್ತೇನೆ. ಸೋಮಾರಿತನ ಅನ್ನಬೇಡಿ.

ಅಕ್ಕಿ ಮಾರಿಕೊಳ್ಳುತ್ತಾರೆ ಎಂದಿದ್ದೀರಿ. ಹೌದು, ಹೆಚ್ಚಾದದ್ದನ್ನು ಮಾರುವವರಿದ್ದಾರೆ. ನಮ್ಮ ಬಯಲುಸೀಮೆಯ ಮನೆಗೆ ರಾಗಿ ಬೇಕು, ಕೊಟ್ಟದ್ದು ಬಹುಪಾಲು ಅಕ್ಕಿ.

ಈಗ ‘ಬಿಟ್ಟಿ’ ಎಂಬ ಪದ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಪತ್ರದಿಂದಲೇ ಎತ್ತಿ ಹೇಳುತ್ತೇನೆ. ಮೂರು ಎಕರೆ ತೆಂಗಿಗೆ ಏಳೂವರೆ ಎಚ್‌ಪಿ ಮೋಟಾರು ಇದೆ ಎಂದಿದ್ದೀರಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಬಿಲ್ ಇಲ್ಲ. ಕೊಬ್ಬರಿ ಬೆಲೆ ಕುಸಿದಿದ್ದಾಗ ಬೆಂಬಲ ಬೆಲೆಗೆ ಬಿಟ್ಟೆ ಎಂದೂ ಬರೆದಿದ್ದೀರಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಅದು ಕ್ವಿಂಟಲಿಗೆ 12,000 ಇತ್ತು. ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ತೆಗೆದಿದ್ದೀರಿ. ಇವೆಲ್ಲ ಬೇಕು, ತೆಂಗು ಉಳಿಯಬೇಕು. ಆದರೆ ಮೋಟಾರಿಗೆ ಹರಿಯುವ ಕರೆಂಟಿಗೆ ನೀವು ಸವಲತ್ತು ಎನ್ನುತ್ತೀರಿ, ಯಜಮಾನಿಯ ಖಾತೆಗೆ ಬೀಳುವ ದುಡ್ಡಿಗೆ ಬಿಟ್ಟಿ ಎನ್ನುತ್ತೀರಿ. ಎರಡೂ ಬರುವುದು ಒಂದೇ ಖಜಾನೆಯಿಂದ.

ಊರಿನ ಒಲೆ ಹೊರಗಿನ ದುಡ್ಡಿನಲ್ಲಿ ಉರಿಯುವುದು ಹೊಸತೇನೂ ಅಲ್ಲ. ಕರಾವಳಿಯ ಓದುಗರಿಗೆ ಇದನ್ನು ಹೇಳಬೇಕಾಗಿಲ್ಲ. ಕುಂದಾಪುರ, ಉಡುಪಿ ಕಡೆಯ ಎಷ್ಟೋ ಮನೆಗಳು ಬೊಂಬಾಯಿಯ ಹೋಟೆಲಿನಿಂದ ಬರುವ ಮನಿ ಆರ್ಡರಿನಲ್ಲೇ ಮಳೆಗಾಲ ಕಳೆದವು. ರಾಯಚೂರು, ಯಾದಗಿರಿ ಕಡೆಯ ಹಳ್ಳಿಗಳು ಇವತ್ತಿಗೂ ಗುಳೆ ಹೋದವರ ದುಡ್ಡಿನ ಮೇಲೆ ನಿಂತಿವೆ. ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದ ತಾಯಿಯನ್ನು ಯಾರೂ ಸೋಮಾರಿ ಎನ್ನಲಿಲ್ಲ. ಮಗ ಮೈಮುರಿದು ದುಡಿದು ಕಳಿಸಿದ ದುಡ್ಡು ಅದು, ಸರ್ಕಾರದ್ದಕ್ಕೆ ಹೋಲಿಸಬೇಡಿ ಎನ್ನುವಿರಿ. ಸರಿ, ಹೋಲಿಸುವುದಿಲ್ಲ. ಆದರೆ ಸರ್ಕಾರದ ದುಡ್ಡು ಬರುವ ಮೊದಲು ಹಳ್ಳಿಯ ಮನೆ ತನ್ನ ಹೊಲದಲ್ಲಿ ಬೆಳೆದುಕೊಂಡು ಯಾರ ಹಂಗೂ ಇಲ್ಲದೆ ಬದುಕಿತ್ತು ಅನ್ನುವ ಚಿತ್ರವನ್ನು ಮಾತ್ರ ನಾನು ಒಪ್ಪಲಾರೆ.

ನನಗೆ ಚಿಂತೆ ಇಲ್ಲವೇ? ಇದೆ, ನಿಮ್ಮದಕ್ಕಿಂತ ಬೇರೆ ಕಡೆ.

ದೊಡ್ಡಮ್ಮನ ಮನೆಯಲ್ಲಿ ಇದ್ದ ಎರಡು ದಿನದಲ್ಲಿ ನಾಲ್ಕು ಜನ ಹೆಂಗಸರು ಬಂದರು. ಬಂದವರೆಲ್ಲ ಕೇಳಿದ್ದು ಒಂದೇ ಮಾತು: ‘ದುಡ್ಡು ಬಿತ್ತಾ?’ ಈ ತಿಂಗಳದ್ದೋ, ಎರಡು ತಿಂಗಳ ಹಿಂದಿನದ್ದೋ ಅವರಿಗೇ ಗೊತ್ತಿಲ್ಲ. ಒಬ್ಬರಿಗೆ ಬಿದ್ದಿದೆ, ಪಕ್ಕದ ಮನೆಯವರಿಗಿಲ್ಲ. ಆಧಾರ್ ಜೋಡಣೆ ಸರಿಯಿಲ್ಲವೋ, ಕೆವೈಸಿ ಆಗಿಲ್ಲವೋ ಎಂದು ಇನ್ನೊಮ್ಮೆ ಹೋಬಳಿಗೆ ಹೋಗಿಬರಬೇಕು. ಅಲ್ಲಿ ತಂಬ್ ಕೊಟ್ಟರೆ ದೊಡ್ಡಮ್ಮನ ಬೆರಳು ಹತ್ತುವುದಿಲ್ಲ. ಐವತ್ತು ವರ್ಷ ಕಳೆ ಕಿತ್ತು ರೇಖೆ ಸವೆದಿದೆ. ಮಿಷನ್ನಿನ ಮೇಲೆ ನಾಲ್ಕು ಸಲ ಒತ್ತಿ, ಸೆರಗಿನಲ್ಲಿ ಒರೆಸಿ, ಐದನೇ ಸಲ ಉಂಗುರದ ಬೆರಳು ಇಟ್ಟಾಗ ಹಸಿರು ಬಂತು. ‘ಇದೊಂದು ಬೆರಳು ಮಾತ್ರ ಸರ್ಕಾರಕ್ಕೆ ಗುರುತು ಸಿಗ್ತದೆ’ ಎಂದು ನಕ್ಕರು.

ನೀವು ಸರ್ಕಾರಿ ಶಾಲೆಯಲ್ಲಿ ದುಡಿದು ಪಡೆದ ಪಿಂಚಣಿ ತಿಂಗಳಿಗೆ ಸರಿಯಾಗಿ ಬರುತ್ತದೆ, ಬೆಲೆ ಏರಿದರೆ ತುಟ್ಟಿಭತ್ಯೆಯೂ ಏರುತ್ತದೆ. ಅದು ನ್ಯಾಯ. ಗೃಹಲಕ್ಷ್ಮಿಯ ಎರಡು ಸಾವಿರ ಮೊದಲ ದಿನ ಎಷ್ಟಿತ್ತೋ ಈಗಲೂ ಅಷ್ಟೇ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಎಂಬತ್ತರ ಒಳಗಿನವರಿಗೆ ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಮೇಲ್ಪಟ್ಟು ಅದೇ 200. ಕೊಡುವುದಾದರೆ ತಾರೀಖು ಹೇಳಿ ಕೊಡಿ ಎಂದು ಎರಡೂ ಸರ್ಕಾರಗಳನ್ನು ಕೇಳಬೇಕು. ದುಡ್ಡು ಬರುತ್ತದೆ ಎಂದು ನಂಬಿ ಸಂಘದಿಂದ ಸಾಲ ತೆಗೆದವರಿದ್ದಾರೆ. ಇತ್ತ ಸರ್ಕಾರದ ಕಂತು ಬರಲಿಲ್ಲ, ಅತ್ತ ವಾರದ ಕಂತು ನಿಲ್ಲಲಿಲ್ಲ. ಮೈಕ್ರೋ ಫೈನಾನ್ಸ್ ವಸೂಲಿಯ ಕಾಟಕ್ಕೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು, ನೆನಪಿರಬೇಕು. ಯಜಮಾನಿಯ ಖಾತೆಗೆ ಸೋಮವಾರ ಬಿದ್ದದ್ದು ಗುರುವಾರ ಕಂತಿಗೆ ಹೋದರೆ, ಖಜಾನೆ ಸಾಕುತ್ತಿರುವುದು ಯಾರನ್ನು?

ಖಜಾನೆಯ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. 2025–26ರ ರಾಜ್ಯ ಬಜೆಟ್ 4,09,549 ಕೋಟಿ. ಐದು ಗ್ಯಾರಂಟಿಗೆ 51,034 ಕೋಟಿ, ಎಂಟರಲ್ಲಿ ಒಂದು ಪಾಲು. ಅದರಲ್ಲೂ ಗೃಹಲಕ್ಷ್ಮಿಗೇ 28,608 ಕೋಟಿ. ಇಷ್ಟು ಕೊಟ್ಟ ಮೇಲೆ ಶಾಲೆಗೆ ಮೇಷ್ಟ್ರನ್ನು ನೇಮಿಸಲು, ಕೆರೆ ಹೂಳು ತೆಗೆಸಲು ಎಷ್ಟು ಉಳಿಯಿತು ಎಂದು ನೀವು ಕೇಳಿದ್ದರೆ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಬೇರೆ ಪಕ್ಷ ಬಂದರೆ ನಿಲ್ಲಿಸುತ್ತದೆ ಎಂಬ ಆಸೆಯನ್ನಂತೂ ಬಿಡಿ. ಮಧ್ಯಪ್ರದೇಶ, ಮಹಾರಾಷ್ಟ್ರ, ತಮಿಳುನಾಡು, ಪಶ್ಚಿಮ ಬಂಗಾಳ ಎಲ್ಲ ಕಡೆಯೂ ಹೆಂಗಸರ ಖಾತೆಗೆ ತಿಂಗಳ ಹಣ ಹಾಕುತ್ತಿದ್ದಾರೆ, ಬಾವುಟದ ಬಣ್ಣ ಬೇರೆ ಬೇರೆ ಅಷ್ಟೇ.

ದೊಡ್ಡಮ್ಮನ ಮನೆಯಲ್ಲೇ ಇನ್ನೊಂದು ಕಂಡೆ. ಯಜಮಾನಿ ಪಟ್ಟ ತನಗೆ ಬರಲಿಲ್ಲ ಎಂದು ಸೊಸೆಗೆ ಒಳಗೊಳಗೇ ಸಿಟ್ಟಿದೆ. ಅತ್ತೆಗೆ ಅದು ಗೊತ್ತು. ದುಡ್ಡು ಬಿದ್ದ ದಿನ ಐನೂರು ತೆಗೆದು ಏನೂ ಹೇಳದೆ ಸೊಸೆಯ ಕೈಗಿಡುತ್ತಾರಂತೆ. ಮೊದಲು ತಮ್ಮ ಬಿಪಿ ಮಾತ್ರೆಗೆ ಮಗನ ಮುಖ ನೋಡಿ ನಿಲ್ಲುತ್ತಿದ್ದವರು ಇವರೇ. ಇದನ್ನೂ ನಿಮ್ಮ ಲೆಕ್ಕದಲ್ಲಿ ಎಲ್ಲಾದರೂ ಬರೆದುಕೊಳ್ಳಿ, ಯಾವ ಕಲಮಿನಲ್ಲಿ ಎಂದು ನನಗೆ ಹೊಳೆದಿಲ್ಲ.

ಚಂದಾದ ವಿಚಾರ. ವ್ಯವಸ್ಥಾಪಕರನ್ನು ಕೇಳಿದೆ, ನಿಮ್ಮದು ಮುಂದಿನ ಯುಗಾದಿವರೆಗೂ ಇದೆ. ಕಟ್ಟಿದ ಹಣ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ಪತ್ರಿಕೆ ಬರುತ್ತಲೇ ಇರುತ್ತದೆ. ಈ ಸಲ ಕಳೆ ಕೂಲಿ ಎಷ್ಟಕ್ಕೆ ಕುದುರಿತು, ಬರೆದು ತಿಳಿಸಿ.