ಸೈಟುಗಳ ಎಣಿಕೆ, ಮನೆಗಳ ಲೆಕ್ಕ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಿವಮೊಗ್ಗದಿಂದ ಯಾವ ರಸ್ತೆ ಹಿಡಿದು ಹೊರಟರೂ ಹೊಸ ಬಡಾವಣೆಗಳ ಕಮಾನುಗಳು ಕಾಣುತ್ತವೆ. ಒಳಗೆ ಹೋಗಿ ನೋಡಿದರೆ ಬಹಳಷ್ಟು ಸೈಟುಗಳಲ್ಲಿ ಪಾರ್ಥೇನಿಯಂ ಬೆಳೆದು ನಿಂತಿದೆ. ಇಷ್ಟಿದ್ದರೂ ನಮ್ಮಂಥವರ ಕೈಗೆಟಕುವ ಬಾಡಿಗೆಗೆ ಎರಡು ಕೋಣೆಯ ಮನೆ ಸಿಗುವುದಿಲ್ಲ. ಮುಂದೆ ಊರಿಗೆ ಎಷ್ಟು ಮನೆ ಬೇಕಾಗುತ್ತದೆ ಎಂಬುದನ್ನು ಯಾರು, ಯಾವ ಲೆಕ್ಕದ ಮೇಲೆ ನಿರ್ಧರಿಸುತ್ತಾರೆ?
– ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ಯಾರು ಎಂಬುದಕ್ಕೆ ಉತ್ತರ ಸುಲಭ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಯೋಜನಾ ಪ್ರಾಧಿಕಾರವು, ಅಂದರೆ ತಮ್ಮ ಊರಿನವರು ‘ಸೂಡಾ’ ಎಂದು ಕರೆಯುವ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರವು, ಮಹಾಯೋಜನೆಯನ್ನು (ಯಾವ ಜಮೀನು ಯಾವ ಬಳಕೆಗೆ ಎಂದು ನಕ್ಷೆಯಲ್ಲಿ ಗುರುತಿಸುವ ಮಾಸ್ಟರ್ ಪ್ಲಾನ್) ಸಿದ್ಧಪಡಿಸಬೇಕು ಮತ್ತು ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಯಾವ ಲೆಕ್ಕದ ಮೇಲೆ ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಲೆಕ್ಕ ಶುರುವಾಗುವುದು ಜನಗಣತಿಯಿಂದ. ಶಿವಮೊಗ್ಗ ನಗರದ ಜನಸಂಖ್ಯೆ 2001ರಲ್ಲಿ ಸುಮಾರು 2.74 ಲಕ್ಷ ಇದ್ದದ್ದು 2011ರಲ್ಲಿ ಸುಮಾರು 3.22 ಲಕ್ಷವಾಯಿತು. ಹತ್ತು ವರ್ಷದಲ್ಲಿ ಹೆಚ್ಚಿದವರು 48 ಸಾವಿರ ಜನ. ಮನೆಗೆ ನಾಲ್ವರೆಂದು ಹಿಡಿದರೆ 12 ಸಾವಿರ ಮನೆ, ವರ್ಷಕ್ಕೆ 1,200. ಈ ಏರಿಕೆಯನ್ನೇ ಮುಂದಿನ ದಶಕಗಳಿಗೂ ಎಳೆದು, ಬಂದ ಸಂಖ್ಯೆಯನ್ನು ಹೆಕ್ಟೇರಿಗೆ ಇಳಿಸಿ, ಅಷ್ಟು ಜಮೀನಿಗೆ ನಕ್ಷೆಯಲ್ಲಿ ವಸತಿಯ ಹಳದಿ ಬಣ್ಣ ಬಳಿಯುವುದು ವಾಡಿಕೆ. 2021ರ ಜನಗಣತಿ ನಡೆಯದ ಕಾರಣ ಈ ಲೆಕ್ಕದ ಬುಡವೇ ಹಳತಾಗಿದೆ ಎಂಬುದು ಬೇರೆ ಮಾತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಹಳದಿ ಬಳಿದ ಜಮೀನಿನಲ್ಲಿ ಸೈಟು ಹುಟ್ಟೀತೇ ಹೊರತು ಮನೆ ತಾನಾಗಿ ಹುಟ್ಟುವುದಿಲ್ಲ. ಹುಟ್ಟಿದ ಮನೆಯೂ ಅಗತ್ಯವಿದ್ದವರ ಕೈಸೇರುತ್ತದೆ ಎನ್ನುವಂತಿಲ್ಲ.

ದೇಶದ ಅಂಕಿಗಳೂ ಇದನ್ನೇ ಹೇಳುತ್ತವೆ. ಕೇಂದ್ರ ಸರ್ಕಾರ ನೇಮಿಸಿದ್ದ ತಾಂತ್ರಿಕ ಸಮಿತಿಯು 2012ರಲ್ಲಿ ಭಾರತದ ನಗರಗಳ ವಸತಿ ಕೊರತೆಯನ್ನು 1.88 ಕೋಟಿ ಮನೆಗಳೆಂದು ಅಂದಾಜಿಸಿತು. ಇದರಲ್ಲಿ ತಲೆಯ ಮೇಲೆ ಸೂರೇ ಇಲ್ಲದ ಕುಟುಂಬಗಳು 5.3 ಲಕ್ಷದಷ್ಟು ಮಾತ್ರ. ಸುಮಾರು 1.5 ಕೋಟಿ ಕುಟುಂಬಗಳು, ಮದುವೆಯಾದ ಮಗ-ಸೊಸೆಗೆ ಒಂದು ಪ್ರತ್ಯೇಕ ಕೋಣೆಯೂ ಇಲ್ಲದಂಥ ಇಕ್ಕಟ್ಟಿನಲ್ಲಿ ಬದುಕುತ್ತಿದ್ದವು. ಕೊರತೆಯ ಶೇ. 95ಕ್ಕೂ ಹೆಚ್ಚು ಭಾಗ ಬಡವರ ಮತ್ತು ಕಡಿಮೆ ಆದಾಯದವರ ಪಾಲಿನದು. ಅದೇ ವೇಳೆಗೆ, 2011ರ ಜನಗಣತಿಯ ಪ್ರಕಾರ, ನಗರಗಳಲ್ಲಿ 1.1 ಕೋಟಿ ಮನೆಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿದ್ದವು. ಜನಸಂಖ್ಯೆಯನ್ನು ನಾಲ್ಕರಿಂದ ಭಾಗಿಸುವ ಲೆಕ್ಕದಲ್ಲಿ ಆ ಇಕ್ಕಟ್ಟೂ ಕಾಣುವುದಿಲ್ಲ, ಈ ಬೀಗವೂ ಕಾಣುವುದಿಲ್ಲ.

ಇನ್ನು ತಾವು ಕಂಡ ಪಾರ್ಥೇನಿಯಂನ ವಿಷಯ. ಒಂದು ಹೆಕ್ಟೇರಿನಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ಅರ್ಧ ಉಳಿಯಿತೆನ್ನೋಣ. ಮೂವತ್ತು-ನಲವತ್ತರ ಸೈಟುಗಳಾಗಿ ಕತ್ತರಿಸಿದರೆ ಅದರಲ್ಲಿ ಸುಮಾರು 45 ಸೈಟು ಬರುತ್ತವೆ. ಎಲ್ಲದರಲ್ಲೂ ಒಂದೊಂದು ಸಂಸಾರ ನೆಲೆಸಿದರೆ 180 ಜನ. ಅರ್ಧ ಖಾಲಿ ಉಳಿದರೆ 90. ಐವತ್ತು ಸಾವಿರದಿಂದ ಐದು ಲಕ್ಷದವರೆಗಿನ ಜನಸಂಖ್ಯೆಯ ಗುಡ್ಡಗಾಡಲ್ಲದ ಪ್ರದೇಶದ ಪಟ್ಟಣಗಳಿಗೆ ಕೇಂದ್ರದ ನಗರ ಯೋಜನಾ ಮಾರ್ಗಸೂಚಿ ಹೇಳುವುದು ಹೆಕ್ಟೇರಿಗೆ 100ರಿಂದ 150 ಜನ. ಅಂದರೆ ಮಾರ್ಗಸೂಚಿಯ ಕೆಳಮಿತಿಯನ್ನೂ ಮುಟ್ಟದ ಬಡಾವಣೆಗಾಗಿ ನಾಲೆಯ ನೀರುಂಡ ಭತ್ತದ ಗದ್ದೆಯನ್ನು ಕಳೆದುಕೊಳ್ಳುತ್ತೇವೆ. ಅಲ್ಲಿಯವರೆಗೂ ಕುಡಿಯುವ ನೀರಿನ ಪೈಪು, ಒಳಚರಂಡಿ, ಬೀದಿದೀಪ ಎಳೆಯುವ ಖರ್ಚನ್ನು ಇಡೀ ಊರು ಹೊರುತ್ತದೆ.

ಸೈಟು ಖಾಲಿ ಬಿಡುವವರೆಲ್ಲ ದುರಾಸೆಯವರೆಂದು ನಾನು ಹೇಳಲಾರೆ. ಮಗಳ ಮದುವೆಗೋ ಮಗನ ಓದಿಗೋ ಇರಲೆಂದು ಚಿನ್ನದ ಬದಲು ಸೈಟು ಕೊಂಡಿಟ್ಟ ಮೇಷ್ಟ್ರುಗಳೂ ಗುಮಾಸ್ತರೂ ಅವರಲ್ಲಿದ್ದಾರೆ. ಖಾಲಿ ನಿವೇಶನಕ್ಕೂ ಆಸ್ತಿ ತೆರಿಗೆ ಇದೆಯಾದರೂ ಬೆಲೆ ಏರುವ ಓಟದ ಮುಂದೆ ಅದು ಯಾರಿಗೂ ಭಾರವೆನಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಹೊಸ ಹಳದಿ ಬಳಿಯುವ ಮೊದಲು ಹಳೆಯ ಹಳದಿಯೊಳಗೆ ಖಾಲಿ ಉಳಿದ ಸೈಟು ಎಷ್ಟು, ಬೀಗ ಬಿದ್ದ ಮನೆ ಎಷ್ಟು, ಬಾಡಿಗೆಗೆ ಸಿಗುವ ಸಣ್ಣ ಮನೆ ಎಷ್ಟು ಎಂಬುದನ್ನು ವಾರ್ಡುವಾರು ಎಣಿಸಿ ಪ್ರಕಟಿಸಬೇಕು. ಇದಕ್ಕೆ ಬೇಕಾದ ಆಸ್ತಿ ತೆರಿಗೆಯ ವಹಿ, ನೀರಿನ ಸಂಪರ್ಕದ ಪಟ್ಟಿ, ವಿದ್ಯುತ್ ಮೀಟರಿನ ದಾಖಲೆ, ಎಲ್ಲವೂ ಆಯಾ ಕಚೇರಿಗಳಲ್ಲಿ ಈಗಾಗಲೇ ಇರುವಂಥವೇ.

ಪ್ರಶ್ನೆ: ಬಡವರಿಗೆ ಬಹುಮಹಡಿ ಮನೆ ಒಳ್ಳೆಯದೋ, ಹಿಂದಿನ ಆಶ್ರಯ ಯೋಜನೆಯಂತೆ ತಲಾ ಒಂದು ನಿವೇಶನ ಒಳ್ಳೆಯದೋ?
– ಓದುಗರೊಬ್ಬರು, ಭದ್ರಾವತಿ

ಉತ್ತರ: 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಇವೆರಡಕ್ಕೂ ಜಾಗವಿತ್ತು. ಸ್ವಂತ ಜಾಗ ಇದ್ದವರು ತಾವೇ ಮನೆ ಕಟ್ಟಿಕೊಳ್ಳಲು ಕೇಂದ್ರದಿಂದ 1.5 ಲಕ್ಷ ರೂಪಾಯಿ. ಜಾಗ ಇಲ್ಲದವರಿಗೆ ಗುಂಪುಮನೆಯಲ್ಲಿ ಒಂದು ಮನೆ, ಅದಕ್ಕೂ ಅಷ್ಟೇ ನೆರವು. ಶಿವಮೊಗ್ಗದ ಗೋವಿಂದಾಪುರ ಮತ್ತು ಗೋಪಿಶೆಟ್ಟಿಕೊಪ್ಪದ ಮನೆಗಳು ಎರಡನೆಯ ಬಗೆಯವು.

ನಿವೇಶನದ ಗುಣವೆಂದರೆ ಸಂಸಾರದೊಂದಿಗೆ ಮನೆಯೂ ಬೆಳೆಯುತ್ತದೆ. ಮೊದಲು ಒಂದು ಕೋಣೆ, ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಇನ್ನೊಂದು, ಮಗನ ಮದುವೆಗೆ ಮೇಲೊಂದು ಮಹಡಿ. ಅಂಗಳದಲ್ಲಿ ಹೊಲಿಗೆ ಯಂತ್ರವನ್ನೋ ತಳ್ಳುಗಾಡಿಯನ್ನೋ ಇಟ್ಟುಕೊಳ್ಳಬಹುದು. ಮೂರನೆಯ ಮಹಡಿಯ ಮೂವತ್ತು ಚದರ ಮೀಟರಿನ ಮನೆಯಲ್ಲಿ ತಳ್ಳುಗಾಡಿಗೆ ಜಾಗವಿಲ್ಲ. ಆದರೆ ಎಲ್ಲರಿಗೂ ನಿವೇಶನ ಎಂದರೆ ಊರು ಹರಡಲೇಬೇಕು, ಬಡವರು ಊರಾಚೆಯ ಅಗ್ಗದ ಜಾಗಕ್ಕೆ ಹೋಗಲೇಬೇಕು. ಬೆಳಗ್ಗೆ ಆರು ಗಂಟೆಗೆ ಮಾರುಕಟ್ಟೆಯಲ್ಲಿ ಹೂ ಬಿಚ್ಚಬೇಕಾದ ಹೆಣ್ಣುಮಗಳಿಗೆ, ಬಸ್ಸಿಲ್ಲದ ಕಡೆಯ ಸ್ವಂತ ಮನೆಗಿಂತ ಮಾರುಕಟ್ಟೆಗೆ ನಡೆದು ಬರಬಹುದಾದ ಬಾಡಿಗೆ ಮನೆಯೇ ಮೇಲು. ಆದ್ದರಿಂದ ಮಹಡಿಯೋ ನೆಲವೋ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಎಲ್ಲಿ ಎಂಬುದನ್ನು. ಗುಂಪುಮನೆಗಳಾದರೆ ನೀರಿನ ಪಂಪು, ಶೌಚಗುಂಡಿ, ಮೆಟ್ಟಿಲ ದೀಪಗಳ ನಿರ್ವಹಣೆ ಯಾರದೆಂಬುದನ್ನು ಹಂಚಿಕೆಗೆ ಮುಂಚೆಯೇ ಬರೆದಿಡಬೇಕು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಇದೇ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ಮನೆಗಳಿಗೆಂದೇ ಒಂದು ವಿಭಾಗವಿದೆ. ಸಣ್ಣ ನಗರಗಳು ಅದನ್ನು ಬಿಟ್ಟುಕೊಡಬಾರದು.

ಪ್ರಶ್ನೆ: ಮಹಾಯೋಜನೆಗೆ ಸಾಮಾನ್ಯರು ಆಕ್ಷೇಪಣೆ ಸಲ್ಲಿಸಬಹುದೇ?
– ಓದುಗರೊಬ್ಬರು, ಗೋಪಾಳ, ಶಿವಮೊಗ್ಗ

ಉತ್ತರ: ಸಲ್ಲಿಸಬಹುದು. ಸರ್ಕಾರದ ತಾತ್ಕಾಲಿಕ ಅನುಮೋದನೆ ದೊರೆತ ಕರಡು ಪ್ರಕಟವಾದ ದಿನದಿಂದ 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತವಾಗಿ ತಮ್ಮ ಅಭಿಪ್ರಾಯ ತಿಳಿಸಬಹುದು. ಅದಕ್ಕೆ ಜಮೀನಿನ ಮಾಲೀಕರೇ ಆಗಿರಬೇಕಿಲ್ಲ. ಸಾಮಾನ್ಯವಾಗಿ ಬರುವ ಅರ್ಜಿಗಳು ‘ನನ್ನ ಸರ್ವೆ ನಂಬರನ್ನು ಹಸಿರಿನಿಂದ ಹಳದಿಗೆ ಬದಲಿಸಿ’ ಎನ್ನುವಂಥವು. ಬಾಡಿಗೆದಾರರೂ ಬರೆಯಲಿ: ಯಾವ ವಾರ್ಡು, ಎಷ್ಟು ಬಾಡಿಗೆ, ಕೆಲಸದ ಜಾಗ ಎಷ್ಟು ದೂರ ಎಂದು ನಾಲ್ಕು ಸಾಲು ಸಾಕು. ಟಪಾಲು ಶಾಖೆಯಲ್ಲಿ ಕೊಟ್ಟು, ನಕಲಿನ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.