ಭಾರತದ ಲೈಸೆನ್ಸನ್ನು ಜರ್ಮನಿಯಲ್ಲಿ ಪರೀಕ್ಷೆಯಿಲ್ಲದೆ ಬದಲಾಯಿಸಿಕೊಳ್ಳಬಹುದೇ?

ಮೈಸೂರಿನಲ್ಲಿ ಎಂಟು ವರ್ಷ ಕಾರು ಓಡಿಸಿದ ಮೇಲೂ ಸ್ಟುಟ್‌ಗಾರ್ಟಿನಲ್ಲಿ ಮತ್ತೆ ಪರೀಕ್ಷೆ ಬರೆಯಬೇಕೇ, ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ತಂದರೆ ಒಂದು ವರ್ಷ ಸಾಗುವುದಿಲ್ಲವೇ ಎಂದು ಕೇಳಿದ್ದೀರಿ. ಪರೀಕ್ಷೆ ಬರೆಯಲೇಬೇಕು, ಒಂದು ವರ್ಷ ಸಾಗುವುದಿಲ್ಲ. ಅಂತರರಾಷ್ಟ್ರೀಯ ಪರವಾನಗಿಯು ನಿಮ್ಮ ಲೈಸೆನ್ಸಿನ ಅನುವಾದದಂತೆ ಕೆಲಸಕ್ಕೆ ಬರುತ್ತದೆಯೇ ಹೊರತು ಅವಧಿಯನ್ನು ಹೆಚ್ಚಿಸುವುದಿಲ್ಲ. ಅಲ್ಲಿ ವಾಸ ಹೂಡಿದ ದಿನದಿಂದ ಸಾಮಾನ್ಯವಾಗಿ 6 ತಿಂಗಳು ಮಾತ್ರ ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದು. ಆಮೇಲೆ ಓಡಿಸಿದರೆ ಅದನ್ನು ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧವೆಂದೇ ಪರಿಗಣಿಸುತ್ತಾರೆ.

ಪರೀಕ್ಷೆಯ ವಿನಾಯಿತಿ ಇರುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಆದರೂ ನಮಗೆ ಒಂದು ಅನುಕೂಲವಿದೆ: ಹೊಸಬರಿಗೆ ಕಡ್ಡಾಯವಾಗಿರುವ ತರಗತಿಗಳೂ ಇಂತಿಷ್ಟು ಗಂಟೆಗಳ ವಿಶೇಷ ಚಾಲನೆಯೂ ನಮಗೆ ಕಡ್ಡಾಯವಲ್ಲ. ಆದರೆ ಡ್ರೈವಿಂಗ್ ಸ್ಕೂಲಿನ ಮೂಲಕವೇ ಪ್ರಾಯೋಗಿಕ ಪರೀಕ್ಷೆಗೆ ಹೋಗಬೇಕು. ಲೈಸೆನ್ಸಿನ ಅನುವಾದ, ಕಣ್ಣಿನ ತಪಾಸಣೆಯ ಪತ್ರ, ಪ್ರಥಮ ಚಿಕಿತ್ಸೆಯ ಒಂದು ದಿನದ ತರಬೇತಿಯ ಪತ್ರ, ಫೋಟೋ ಮತ್ತು ವಿಳಾಸ ನೋಂದಣಿಯ ಪತ್ರವನ್ನು ಊರು ಸೇರಿದ ಮೊದಲ ವಾರಗಳಲ್ಲೇ ಹೊಂದಿಸಿ ಅರ್ಜಿ ಹಾಕಿಬಿಡಿ, ಏಕೆಂದರೆ ಅರ್ಜಿ ಮಂಜೂರಾಗುವುದಕ್ಕೇ ವಾರಗಟ್ಟಲೆ ಕಾಯಬೇಕಾಗಬಹುದು.

ಬರವಣಿಗೆಯ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಇಂಗ್ಲಿಷಿನಲ್ಲೂ ಬರೆಯಬಹುದು. 30 ಪ್ರಶ್ನೆಗಳಿದ್ದು, ತಪ್ಪಿನ ಅಂಕಗಳು 10 ಮೀರಬಾರದು. ಒಟ್ಟು 10 ಮೀರದಿದ್ದರೂ 5 ಅಂಕದ ಎರಡು ಪ್ರಶ್ನೆ ತಪ್ಪಿದರೆ ಅನುತ್ತೀರ್ಣ. ಇದು ಅಭ್ಯಾಸದಿಂದ ದಕ್ಕುತ್ತದೆ.

ನಿಜವಾದ ತೊಡಕು ರಸ್ತೆಯ ಮೇಲಿನ 55 ನಿಮಿಷಗಳ ಪರೀಕ್ಷೆಯಲ್ಲಿದೆ. ಬೋಧಕರು ಪಕ್ಕದಲ್ಲಿ, ಪರೀಕ್ಷಕರು ಹಿಂದಿನ ಸೀಟಿನಲ್ಲಿ ಕುಳಿತಿರುತ್ತಾರೆ. ಆದೇಶಗಳು ಜರ್ಮನ್ ಭಾಷೆಯಲ್ಲಿರುತ್ತವೆ. ನಾನು ಮೊದಲ ಸಲ ಫೇಲಾದದ್ದು ಬಲಕ್ಕೆ ತಿರುಗುವಾಗ ಭುಜದ ಮೇಲಿಂದ ತಲೆ ತಿರುಗಿಸಿ ನೋಡದೆ ಕನ್ನಡಿಯನ್ನಷ್ಟೇ ನಂಬಿದ್ದಕ್ಕೆ. ಕನ್ನಡಿಯಲ್ಲಿ ಕಾಣದ ಮರೆಯಲ್ಲಿ ಒಬ್ಬ ಸೈಕಲ್ ಸವಾರರು ನೇರ ಹೋಗುತ್ತಿದ್ದರು, ಬೋಧಕರೇ ಬ್ರೇಕ್ ಒತ್ತಿದರು. ಬೆಂಗಳೂರಿನಲ್ಲಿ ಹತ್ತು ವರ್ಷ ಹಾರ್ನ್ ಮಾಡಿಕೊಂಡು ಓಡಿಸಿದ ಗರ್ವ ಅಲ್ಲಿಗೆ ಇಳಿಯಿತು. ಇನ್ನೊಂದು, ಗುರುತು ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು. ನಿಮ್ಮ ರಸ್ತೆ ಅಗಲವಾಗಿದ್ದರೂ ನಿಧಾನಿಸಿ ಬಲಕ್ಕೆ ನೋಡಲೇಬೇಕು. ಎಷ್ಟೇ ಅನುಭವವಿದ್ದರೂ ಕೆಲವು ಪಾಠ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ: ಕೈಗೆ ಬಂದಿರುವ ರೂಢಿಯನ್ನು ಬಿಡಿಸುವುದಕ್ಕೆ ಹೊಸದಾಗಿ ಕಲಿಯುವುದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಗೇರ್ ಇಲ್ಲದ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಲೈಸೆನ್ಸು ಆಟೊಮ್ಯಾಟಿಕ್‌ಗೆ ಸೀಮಿತವಾಗುವ ಸಾಧ್ಯತೆಯಿದೆ, ಮೊದಲೇ ವಿಚಾರಿಸಿ. ಜರ್ಮನ್ ಕಾರ್ಡು ಕೊಡುವಾಗ ಭಾರತದ ಮೂಲ ಲೈಸೆನ್ಸನ್ನು ಒಪ್ಪಿಸಬೇಕಾಗುತ್ತದೆ. ಅದಕ್ಕೆ ಮುನ್ನ ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಳ್ಳಿ.